ಇಂಜಿನ್ನಿನ ಉಸಿರುದಾರಿಯಲ್ಲಿ ಒಂದು ಗೆರೆ

ಬೆಳಗಾವಿಯ ಟಿಳಕವಾಡಿಯನ್ನು ಹಿಂದೆ ಹಾಕಿ ಖಾನಾಪುರದ ರಸ್ತೆಯನ್ನು ಹಿಡಿದು ಹೊರಟರೆ, ಮೂರನೆಯ ರೈಲ್ವೆ ಗೇಟನ್ನು ದಾಟಿದ ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯ ವಾಸನೆ ಬದಲಾಗುತ್ತದೆ. ಸುಟ್ಟ ಮರಳು, ಬಿಸಿ ಎಣ್ಣೆ, ಆಗತಾನೆ ಕೊರೆದ ಕಬ್ಬಿಣ ಇವೆಲ್ಲ ಬೆರೆತ ಆ ವಾಸನೆಗೆ ಹೆಸರಿಟ್ಟವರಿಲ್ಲ. ಆದರೂ ಅದನ್ನು ಒಮ್ಮೆ ಮೂಸಿದವನು ಕಣ್ಣು ಮುಚ್ಚಿಕೊಂಡು ಬಂದರೂ “ಉದ್ಯಮಬಾಗ ಬಂತು” ಎಂದು ಹೇಳಬಲ್ಲನು.

ಈ ಊರಿಗೂ ಕಬ್ಬಿಣಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರಕ್ಕೆ ಕೈಹಾಕಿ, ಅಲ್ಲಿಂದ ಮೇವು ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಬಂದವರು. 1910ರಲ್ಲಿ ಅವರು ಔಂಧ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಲು ಹೊರಟುಹೋದರು. ಅವರು ಹೋದರೂ ಆ ಗೀಳು ಊರನ್ನು ಬಿಟ್ಟು ಹೋಗಲಿಲ್ಲವೆಂದೇ ನನಗೆ ತೋರುತ್ತದೆ. ಉದ್ಯಮಬಾಗದಿಂದ ಮಚ್ಚೆಯವರೆಗೆ ಇಂದು ಕಾಣುವ ಫೌಂಡ್ರಿಗಳಲ್ಲಿ ಪಂಪಿನ ಕವಚಗಳಿಂದ ಹಿಡಿದು ಇಂಜಿನ್ನಿನ ಬ್ಲಾಕು, ಸಿಲಿಂಡರ್ ಹೆಡ್ಡುಗಳ ವರೆಗೆ ನಾನಾ ಬಗೆಯ ಎರಕಗಳು ಹೊರಬೀಳುತ್ತವೆ.

ಆದರೆ ಎರಕವನ್ನು ತೂಕದ ಲೆಕ್ಕದಲ್ಲಿ ಮಾರಿದರೆ ಸಿಗುವುದು ಒಂದು ಬೆಲೆ. ಅದನ್ನೇ ಕೊರೆದು, ಅಳೆದು, ಇಂಜಿನ್ನಿಗೆ ನೇರವಾಗಿ ಕೂಡಿಸುವಂತೆ ಮಾಡಿ ಕೊಟ್ಟರೆ ಸಿಗುವುದು ಬೇರೆಯೇ ಬೆಲೆ. ಈ ಎರಡು ಬೆಲೆಗಳ ನಡುವಣ ಅಂತರವನ್ನು ನಂಬಿ ನನ್ನ ಮಿತ್ರರೊಬ್ಬರು ಸಾಲ ಮಾಡಿ ಐದು ಅಕ್ಷದ ಯಂತ್ರವೊಂದನ್ನು ತಂದು ತಮ್ಮ ಚಿಕ್ಕ ಕಾರ್ಖಾನೆಯಲ್ಲಿ ನಿಲ್ಲಿಸಿದ್ದರು. ಒಂದು ದಿನ ಅವರಿಂದ ಕರೆ ಬಂದಿತು. “ಒಂದು ಗೆರೆಯಿಂದ ನಮ್ಮ ಅನ್ನಕ್ಕೇ ಸಂಚಕಾರ ಬಂದಿದೆ, ಬಂದು ನೋಡಿ” ಎಂದರು. ಹೋಗಿ ನೋಡಿದ ಕಥೆಯೇ ಇದು.

ವಾಚಕರಲ್ಲಿ ಇಂಜಿನ್ನಿನ ಒಡಲನ್ನು ನೋಡದವರೂ ಇರಬಹುದಾದ್ದರಿಂದ ಎರಡು ಮಾತು. ಇಂಜಿನ್ನಿನ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂಡುವ ಲೋಹದ ಗಟ್ಟಿಯೇ ಸಿಲಿಂಡರ್ ಹೆಡ್ಡು. ಗಾಳಿ ಒಳಗೆ ಹೋಗಲು ಒಂದು ದಾರಿ, ಸುಟ್ಟ ಹೊಗೆ ಹೊರಗೆ ಬರಲು ಒಂದು ದಾರಿ ಅದರೊಳಗೆ ಇರುತ್ತವೆ. ಇವುಗಳಿಗೆ ಪೋರ್ಟ್ ಎಂದು ಹೆಸರು. ಪಕ್ಕದಿಂದ ಒಳಹೊಕ್ಕ ದಾರಿ ಮೊಣಕೈಯಂತೆ ಬಾಗಿ ಕೆಳಗೆ ವಾಲ್ವಿನ ಬಾಯಿಗೆ ಇಳಿಯುತ್ತದೆ. ಇಂಜಿನ್ನು ನಿಮಿಷಕ್ಕೆ 6000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚುತ್ತದೆ. ಹಾಗೆ ತೆರೆದಿರುವ ಹೊತ್ತು ಸೆಕೆಂಡಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲಿ ಸಿಲಿಂಡರು ತುಂಬ ಗಾಳಿ ಒಳಗೆ ಬರಬೇಕು. ಗಾಳಿ ಎಷ್ಟು ಬಂದೀತೋ ಇಂಜಿನ್ನಿನ ಕಸುವೂ ಅಷ್ಟೇ.

ಬಾಗಿನ ಒಳಮಗ್ಗುಲು, ಎಂದರೆ ಮೊಣಕೈಯ ಮಡಿಕೆಯ ಕಡೆ, ಎಲ್ಲಕ್ಕಿಂತ ಸೂಕ್ಷ್ಮವಾದ ಎಡೆ. ಓಡಿ ಬಂದ ಗಾಳಿ ಅಲ್ಲಿ ಗೋಡೆಯನ್ನು ಬಿಟ್ಟು ಸಿಡಿದರೆ ದಾರಿಯ ಅರ್ಧ ಭಾಗ ಸುಳಿಗೇ ಸರಿಹೋಗುತ್ತದೆ. ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್ ಎಂಬುವರು 1920ರ ದಶಕದಿಂದಲೇ ಹೆಡ್ಡಿನೊಳಗಣ ಗಾಳಿಯ ಹರಿವನ್ನು ಅಳೆದು ತಿದ್ದುವ ವಿದ್ಯೆಯಲ್ಲಿ ಹೆಸರು ಮಾಡಿದರು. 1948ರಲ್ಲಿ ಬಂದ ಜಾಗ್ವಾರ್ ಕಾರಿನ ಪ್ರಸಿದ್ಧ ಎಕ್ಸ್‌ಕೆ ಇಂಜಿನ್ನಿನ ಹೆಡ್ಡಿನಲ್ಲಿ ಅವರ ಕೈವಾಡವಿತ್ತು. ಅಂದಿನಿಂದ ಮೊನ್ನೆ ಮೊನ್ನೆಯ ವರೆಗೆ ಪೋರ್ಟನ್ನು ತಿದ್ದುವುದೆಂದರೆ ಕೈಯಲ್ಲಿ ಚಿಕ್ಕ ಗ್ರೈಂಡರು ಹಿಡಿದು, ಬೆರಳಿನಿಂದ ಸವರಿ, ಮತ್ತೆ ಗ್ರೈಂಡರು ಹಿಡಿಯುವ ಕೆಲಸ. ಒಬ್ಬನೇ ಕುಶಲಿ ಮಾಡಿದರೂ ನಾಲ್ಕು ಪೋರ್ಟುಗಳು ನಾಲ್ಕು ಅಣ್ಣತಮ್ಮಂದಿರಂತೆ ಇರುತ್ತಿದ್ದವೇ ಹೊರತು ಒಂದೇ ಅಚ್ಚಿನವಾಗಿರುತ್ತಿರಲಿಲ್ಲ.

ಈ ಭೇದವನ್ನು ಅಳಿಸಲೆಂದೇ ಐದು ಅಕ್ಷದ ಯಂತ್ರ. ಅಮೆರಿಕದ ಎಂ.ಐ.ಟಿ.ಯಲ್ಲಿ 1952ರಲ್ಲಿ, ರಂಧ್ರ ಕೊರೆದ ಕಾಗದದ ಪಟ್ಟಿಯ ಅಪ್ಪಣೆಯಂತೆ ತಾನೇ ಚಲಿಸುವ ಮಿಲ್ಲಿಂಗ್ ಯಂತ್ರವನ್ನು ಮೊದಲು ತೋರಿಸಿದರು. ಅದರ ಮರಿಮಕ್ಕಳು ಇವು. ಎಡಬಲ, ಹಿಂದುಮುಂದು, ಮೇಲುಕೆಳಗು ಎಂಬ ಮೂರು ಚಲನೆಗಳಲ್ಲದೆ, ಮಿತ್ರರ ಯಂತ್ರದಲ್ಲಿ ಮೇಜು ತೊಟ್ಟಿಲಿನಂತೆ ಓಲುತ್ತದೆ, ಬೀಸುವ ಕಲ್ಲಿನಂತೆ ತಿರುಗುತ್ತದೆ. ಪೋರ್ಟ್ ಕೊರೆಯುವ ಉಳಿಯ ರೂಪವೂ ವಿಚಿತ್ರ. ಸಣ್ಣ ಕಡ್ಡಿಗೆ ಚುಚ್ಚಿದ ನೆಲ್ಲಿಕಾಯಿಯಂತೆ, ತೆಳ್ಳನೆಯ ಕತ್ತಿನ ತುದಿಯಲ್ಲಿ 12 ಮಿ.ಮೀ. ಅಗಲದ ಗುಂಡು. ಕಾರ್ಖಾನೆಯ ಹುಡುಗರು ಅದಕ್ಕೆ ಲಾಲಿಪಾಪ್ ಎನ್ನುತ್ತಾರೆ.

ಎಷ್ಟು ಓಲಾಡಿದರೂ, ಎಷ್ಟು ತಿರುಗಿದರೂ, ಬಾಗಿದ ಪೋರ್ಟಿನ ಉದ್ದಕ್ಕೂ ಒಂದೇ ಬಾಯಿಯಿಂದ ಆ ಗುಂಡು ಹೋಗಲಾರದು. ಕತ್ತು ಗೋಡೆಗೆ ತಗಲುತ್ತದೆ. ಆದ್ದರಿಂದ ಅರ್ಧವನ್ನು ಪಕ್ಕದ ಬಾಯಿಯಿಂದ, ಉಳಿದರ್ಧವನ್ನು ವಾಲ್ವಿನ ಬಾಯಿಯಿಂದ ಕೊರೆಯಬೇಕು. ಎರಡು ದಾರಿಗಳೂ ಒಳಗೆ ಕತ್ತಲೆಯಲ್ಲಿ ಎಲ್ಲಿಯೋ ಕೂಡುತ್ತವೆ. ಅವು ಕೂಡುವಲ್ಲಿ ಒಂದು ಗೆರೆ ಬೀಳುತ್ತದೆ.

ಮಿತ್ರರು ಒಪ್ಪಿಕೊಂಡದ್ದು 12 ಅಲ್ಯುಮಿನಿಯಮ್ ಹೆಡ್ಡುಗಳ ಕೆಲಸ. ಒಂದಕ್ಕೆ 8 ಪೋರ್ಟು, ಒಟ್ಟು 96 ಗೆರೆ. ಯಂತ್ರದಿಂದ ಇಳಿದ ಮೇಲೆ ಗೆರೆಯನ್ನು ಕೈಯಿಂದ ಅಳಿಸಲು ಖಾನಾಪುರದ ಕಡೆಯ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಾರೆ. ಅವರ ತಂದೆ ಖಾನಾಪುರದ ಹಂಚಿನ ಭಟ್ಟಿಯಲ್ಲಿ ದುಡಿದವರು, ಇವರು ಮೂವತ್ತು ವರ್ಷದಿಂದ ಗ್ರೈಂಡರು ಹಿಡಿದವರು. ಪೋರ್ಟಿಗೆ ಇಷ್ಟು ಎಂದು ಅವರ ಕೂಲಿ. ಅವರ ಕೈ ಹದವಾದದ್ದೇ. ಆದರೆ ಕೈಯಿಂದ ಆಗುವ ಭೇದವನ್ನು ತಪ್ಪಿಸಲೆಂದು ಯಂತ್ರ ತಂದು, ಆ ಯಂತ್ರದ ತಪ್ಪನ್ನು ಮತ್ತೆ ಕೈಯಿಂದ ತಿದ್ದಿದರೆ ಭೇದ ಹಿಂಬಾಗಿಲಿನಿಂದ ಒಳಗೆ ಬಂದಂತೆಯೇ ಸರಿ. ಗಿರಾಕಿಗಳು ಹೆಡ್ಡನ್ನು ಗಾಳಿಯ ಹರಿವು ಅಳೆಯುವ ಪೆಟ್ಟಿಗೆಯ ಮೇಲಿಟ್ಟು, 28 ಅಂಗುಲ ನೀರಿನ ಒತ್ತಡದಲ್ಲಿ ಪರೀಕ್ಷಿಸಿದರು. ಒಂದು ಪೋರ್ಟಿಗೂ ಇನ್ನೊಂದಕ್ಕೂ ಅಂತರ ಹೆಚ್ಚೆಂದು ಮೂರು ಹೆಡ್ಡುಗಳನ್ನು ಹಿಂದಕ್ಕೆ ಕಳಿಸಿದರು. ಉಳಿದ ಒಂಬತ್ತರ ಮೇಲೂ ಕಣ್ಣಿಟ್ಟಿದ್ದರು. ಸಾಲದ ಕಂತು ತಿಂಗಳ ಐದನೆಯ ತಾರೀಖಿಗೆ ತಪ್ಪದೆ ಬರುವುದು.

ನಾನು ಹೋದಾಗ ಕಾರ್ಖಾನೆಯ ನಡುವೆ ಆ ಮೂರು ಹೆಡ್ಡುಗಳು ಮೇಜಿನ ಮೇಲೆ ಕೂತಿದ್ದವು. ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವವಳು ಡಿಪ್ಲೊಮಾ ಓದಿದ ಹುಡುಗಿ, ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಅವಳ ಮುಖದಲ್ಲಿ ನಿದ್ದೆಯಿರಲಿಲ್ಲ. ಕೈಯಿಂದ ತಿದ್ದದೆ ಉಳಿಸಿದ್ದ ಒಂದು ಪೋರ್ಟಿನಲ್ಲಿ ಬೆರಳಿಡಲು ಹೇಳಿದರು. ಇಟ್ಟೆ. ಕಣ್ಣಿಗೆ ಬರಿಯ ಗೆರೆಯಾಗಿದ್ದದ್ದು ಬೆರಳಿಗೆ ಮೆಟ್ಟಿಲಾಗಿತ್ತು. ಅಳತೆ 0.06 ಮಿ.ಮೀ., ಹೆಚ್ಚುಕಡಿಮೆ ನಮ್ಮ ತಲೆಗೂದಲಿನ ದಪ್ಪ. ಅದೇ ಹೆಡ್ಡಿನ ಇನ್ನೊಂದು ಪೋರ್ಟಿನಲ್ಲಿ ಅದು 0.02 ಇತ್ತು. ಒಂದೇ ಪ್ರೋಗ್ರಾಮು, ಒಂದೇ ಯಂತ್ರ, ಎರಡು ಬಗೆಯ ತಪ್ಪು!

ಮಿತ್ರರಿಗೆ ಅವಸರ. “ಎರಡೂ ದಾರಿಗಳನ್ನು ಒಂದರ ಮೇಲೊಂದು ಇನ್ನಷ್ಟು ಹಾಯಿಸಿಬಿಡೋಣ, ಗೆರೆ ಸವೆದುಹೋಗುತ್ತದೆ” ಎಂದು ಅವರ ವಾದ. ಹುಡುಗಿ ಒಪ್ಪಲಿಲ್ಲ. ದಾರಿಗಳೆರಡೂ ತಮ್ಮ ತಮ್ಮ ಜಾಗದಲ್ಲಿಯೇ ಇಲ್ಲದಿರುವಾಗ ಎಷ್ಟು ಹಾಯಿಸಿದರೇನು, ಮೆಟ್ಟಿಲು ಎರಡು ಮಿ.ಮೀ. ಆಚೆಗೆ ಸರಿಯುವುದಷ್ಟೇ ಎಂದಳು. ಅವಳು ಹೇಳಿದ್ದೇ ಸರಿ. ಈ ವಿದ್ಯೆಯಲ್ಲಿ ಹಲವರು ಎಡವುವುದು ಇಲ್ಲಿಯೇ. ಬೆಸೆಯುವ ಮೊದಲು ಬೇರ್ಪಟ್ಟದ್ದೇಕೆಂದು ತಿಳಿಯಬೇಕು.

ತಪ್ಪನ್ನು ಹುಡುಕುವುದರಲ್ಲಿಯೇ ಎರಡು ದಿನ ಹೋಯಿತು. ಪಕ್ಕದ ಬಾಯಿಗೆ ಗಿಡ್ಡ ಕತ್ತಿನ ಉಳಿ, ವಾಲ್ವಿನ ಬಾಯಿಗೆ ಉದ್ದ ಕತ್ತಿನ ಉಳಿ ಬಳಸಿದ್ದರು. ಎರಡರ ಗುಂಡೂ 12 ಮಿ.ಮೀ. ಎಂದು ಡಬ್ಬಿಯ ಮೇಲೆ ಬರೆದಿತ್ತು, ಯಂತ್ರಕ್ಕೂ ಹಾಗೆಯೇ ಹೇಳಿದ್ದರು. ಅಳೆದು ನೋಡಿದರೆ ಒಂದರಲ್ಲಿ 0.02 ಹೆಚ್ಚು. ಡಬ್ಬಿಯ ಮಾತನ್ನು ನಂಬಬಾರದೆಂಬುದು ಕಾರ್ಖಾನೆಗೆ ಮಾತ್ರ ಸಲ್ಲುವ ಮಾತಲ್ಲವಷ್ಟೆ!

ಅನಂತರ ಮೇಜಿನ ಸರದಿ. ತಿರುಗುವ ಮೇಜಿನ ನಡುಬಿಂದು ಎಲ್ಲಿದೆಯೆಂದು ಯಂತ್ರದ ನೆನಪಿನಲ್ಲಿ ಒಂದು ಅಂಕಿ ಇರುತ್ತದೆ. ನಿಜವಾದ ನಡುಬಿಂದು ಅದಕ್ಕಿಂತ ಸ್ವಲ್ಪ ಸರಿದಿದ್ದರೆ, ಮೇಜು ತಿರುಗಿದಂತೆಲ್ಲ ಹೆಡ್ಡು ಇರಬೇಕಾದಲ್ಲಿ ಇರುವುದಿಲ್ಲ. ಇದನ್ನು ಕಂಡುಹಿಡಿಯಲು ಮೇಜಿನ ಮೇಲೆ ನಯವಾದ ಉಕ್ಕಿನ ಗುಂಡೊಂದನ್ನು ನಿಲ್ಲಿಸಿ, ಅಳೆಯುವ ಕಡ್ಡಿಯಿಂದ ಮುಟ್ಟಿ, ಮೇಜನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಮುಟ್ಟುತ್ತಾರೆ. ಅಂತರ 0.04 ಬಂದಿತು. ಅರ್ಧ ಸುತ್ತಿನಲ್ಲಿ ತಪ್ಪು ಇಮ್ಮಡಿಯಾಗಿ ಕಾಣುವುದರಿಂದ ನಡುಬಿಂದು ಸರಿದಿದ್ದುದು 0.02. ಕಾಲು ಸುತ್ತಿಗೆ ಅದು 0.028ರಷ್ಟು ಮೋಸ ಮಾಡುತ್ತದೆ. ಕೋನದಲ್ಲಿ ತಪ್ಪಿದ್ದರಂತೂ ಕೇಳುವುದೇ ಬೇಡ. ಒಂದು ಡಿಗ್ರಿಯ ನೂರನೆಯ ಒಂದು ಪಾಲು ತಪ್ಪಿದರೂ 200 ಮಿ.ಮೀ. ದೂರದಲ್ಲಿ 0.035 ಮಿ.ಮೀ. ಸರಿಯುತ್ತದೆ.

ಮೂರನೆಯ ಕಳ್ಳ ಉದ್ದ ಕತ್ತು. ಕಡ್ಡಿಯ ಉದ್ದ ಇಮ್ಮಡಿಯಾದರೆ ಅದು ಬಾಗುವುದು ಎಂಟರಷ್ಟು, ದಪ್ಪ ಅರ್ಧವಾದರೆ ಹದಿನಾರರಷ್ಟು. ಎರಕ ಹೊಯ್ಯುವಾಗ ಅಚ್ಚಿನೊಳಗಣ ಮರಳಿನ ಕೋರ್ ಕೂದಲೆಳೆಯಷ್ಟು ಸರಿದರೂ ಒಂದು ಗೋಡೆಯಲ್ಲಿ ಕೊರೆಯಬೇಕಾದ ಲೋಹ ಹೆಚ್ಚು, ಎದುರುಗೋಡೆಯಲ್ಲಿ ಕಡಿಮೆ. ಹೆಚ್ಚಿದ್ದಲ್ಲಿ ಉಳಿ ಬಾಗಿ ಹಿಂಜರಿಯುತ್ತದೆ, ಕಡಿಮೆಯಿದ್ದಲ್ಲಿ ನೆಟ್ಟಗೆ ನಿಲ್ಲುತ್ತದೆ. ಒಂದು ಪೋರ್ಟಿಗೂ ಇನ್ನೊಂದಕ್ಕೂ ಮೆಟ್ಟಿಲು ಬೇರೆಯಾದ ಗುಟ್ಟು ಇದೇ. ಮೂರು ತಪ್ಪುಗಳು ಒಂದು ಕಡೆ ಕೂಡಿ ಹೆಚ್ಚುತ್ತಿದ್ದವು, ಇನ್ನೊಂದು ಕಡೆ ಒಂದನ್ನೊಂದು ಕಳೆಯುತ್ತಿದ್ದವು. ಇದಕ್ಕೆ ಮದ್ದು ಸರಳ. ಮೊದಲೊಮ್ಮೆ ಒರಟಾಗಿ ಕೊರೆದು, ಎರಡನೆಯ ಸಲ ಎಲ್ಲ ಗೋಡೆಯ ಮೇಲೂ 0.2 ಮಿ.ಮೀ. ಮಾತ್ರ ಉಳಿಯುವಂತೆ ಕೊರೆದು, ಕಡೆಗೆ ಆ ತೆಳುಪದರವನ್ನು ತೆಗೆಯಬೇಕು. ಹೊತ್ತು ಹೆಚ್ಚು ಹಿಡಿಯುತ್ತದೆ. ಮಿತ್ರರು ಗಡಿಯಾರ ನೋಡಿದರು, ಒಪ್ಪಿದರು.

ಬಿಸಿಯ ಮಾತನ್ನೂ ಹೇಳಬೇಕು. 400 ಮಿ.ಮೀ. ಉದ್ದದ ಅಲ್ಯುಮಿನಿಯಮ್ ಹೆಡ್ಡು 5 ಡಿಗ್ರಿ ಬಿಸಿಯೇರಿದರೆ 0.046 ಮಿ.ಮೀ. ಹಿಗ್ಗುತ್ತದೆ. ಒಂದು ಬದಿಯನ್ನು ರಾತ್ರಿ ಪಾಳಿಯಲ್ಲಿಯೂ ಇನ್ನೊಂದನ್ನು ಮಧ್ಯಾಹ್ನದ ಪಾಳಿಯಲ್ಲಿಯೂ ಕೊರೆದದ್ದುಂಟೆಂದು ಆಪರೇಟರನು ತಲೆ ತುರಿಸಿಕೊಂಡು ಒಪ್ಪಿದ.

ಇಷ್ಟೆಲ್ಲ ತಿದ್ದಿದ ಮೇಲೆ ಮೆಟ್ಟಿಲು 0.015ಕ್ಕಿಂತ ಹೆಚ್ಚು ಎಲ್ಲಿಯೂ ಉಳಿಯಲಿಲ್ಲ. ಗುಂಡು ಉಳಿ ಪಕ್ಕ ಪಕ್ಕದಲ್ಲಿ ಸಾಲು ಹೊಡೆಯುತ್ತ ಹೋಗುವುದರಿಂದ, ನೇಗಿಲಸಾಲಿನ ನಡುವೆ ದಿಣ್ಣೆ ಉಳಿಯುವಂತೆ, ಗೋಡೆಯ ಮೇಲೆ ಸಣ್ಣ ದಿಣ್ಣೆಗಳು ಹೇಗೂ ಉಳಿಯುತ್ತವೆ. 12 ಮಿ.ಮೀ. ಗುಂಡಿಗೆ 1 ಮಿ.ಮೀ. ಅಂತರದ ಸಾಲಾದರೆ ದಿಣ್ಣೆಯ ಎತ್ತರ 0.02. ಎಂದರೆ ಗೆರೆಯು ಈಗ ಗೋಡೆಯ ಸಹಜವಾದ ಒರಟಿಗಿಂತಲೂ ಚಿಕ್ಕದಾಗಿತ್ತು. ಆದರೂ ಹರಿತವಾದ ಅಂಚು ಅಂಚೇ. ಬೆಸುಗೆಯ ಮಾತು ಬಂದದ್ದು ಈಗ.

ಕೂಡುವ ಎಡೆಯನ್ನು ಮೊದಲು ಬಾಗಿನ ಒಳಮಗ್ಗುಲಿನಿಂದ ಮೇಲಕ್ಕೆ, ಗಾಳಿ ಇನ್ನೂ ನೆಟ್ಟಗೆ ಹರಿಯುವ ಕಡೆಗೆ ಸರಿಸಿದರು. ಎರಡು ದಾರಿಗಳು ಹೊಂದಿ ಹಾಯುವ ಅಗಲವನ್ನು 2 ಮಿ.ಮೀ.ನಿಂದ 10ಕ್ಕೆ ಏರಿಸಿದರು. ಆ ಹತ್ತರೊಳಗೆ ಮೊದಲನೆಯ ದಾರಿ ಮೆಲ್ಲಮೆಲ್ಲನೆ ಗೋಡೆಯಿಂದ 0.06ರಷ್ಟು ಮೇಲಕ್ಕೇಳುವುದು, ಎರಡನೆಯದು ಅಷ್ಟೇ ಎತ್ತರದಿಂದ ಮೆಲ್ಲಮೆಲ್ಲನೆ ಇಳಿಯುವುದು. ಒಬ್ಬರ ಪಾಲು ಕಡಿಮೆಯಾದಂತೆ ಇನ್ನೊಬ್ಬರ ಪಾಲು ಹೆಚ್ಚುವುದು, ಎರಡೂ ಕೂಡಿ ಯಾವಾಗಲೂ ಒಂದೇ. ಹುಡುಗಿ ಹಾಳೆಯ ಮೇಲೆ ಬರೆದು ತೋರಿಸಿದ ಆ ಗಣಿತ ನೋಡಲು ಬಹಳ ಚೆನ್ನಾಗಿತ್ತು. ಏರಿಕೆಯೂ ಸರಳರೇಖೆಯಲ್ಲ. ಮೊದಲಲ್ಲಿಯೂ ಕೊನೆಯಲ್ಲಿಯೂ ಮೂಲೆ ಬೀಳದಂತೆ ನಿಧಾನ, ನಡುವೆ ಚುರುಕು. ಕಾಲು ದಾರಿ ಕಳೆದಾಗ ನೂರರಲ್ಲಿ ಹದಿನಾರರಷ್ಟೂ ಏರಿರುವುದಿಲ್ಲ, ಅರ್ಧದಲ್ಲಿ ಸರಿಯಾಗಿ ಅರ್ಧ.

ರಾತ್ರಿ ಹತ್ತಕ್ಕೆ ಹೆಡ್ಡು ಇಳಿಯಿತು. ಗೆರೆಯಿಲ್ಲ! ಮಿತ್ರರು ಚಹಾ ತರಿಸಿದರು. ಕಾಕಾ ಮಾತ್ರ ಬೆರಳನ್ನು ಒಳಗೆ ತೂರಿಸಿ, ಮೇಲೆ ಎಲ್ಲಿಯೋ ನೋಡುತ್ತ ಎರಡು ಸಲ ಸವರಿದರು.

“ಮಾಲಕ್ರ, ಗೆರಿ ಹೋಗೇತಿ ಖರೆ. ಆದ್ರ ನಡುವ ಒಂದು ದಿಂಡು ಎದ್ದೇತಿ ನೋಡ್ರಿ.”

ಅಳೆದರು. 0.03 ಎತ್ತರದ ಮೃದುವಾದ ಉಬ್ಬು, ಎಲ್ಲ ಪೋರ್ಟುಗಳಲ್ಲಿಯೂ ಅದೇ ಎಡೆಯಲ್ಲಿ. ಕಣ್ಣಿಗೆ ಕಾಣದು. ಹುಡುಗಿಯ ಮುಖ ಬಾಡಿತು. “ಲೆಕ್ಕ ಸರಿ ಇದೆ ಕಾಕಾ, ಎರಡೂ ಕೂಡಿದರೆ ಒಂದೇ ಆಗಬೇಕು” ಎಂದಳು.

ಕಾಕಾ ನಕ್ಕರು. “ಯವ್ವಾ, ಮನ್ಯಾಗ ಸೆಗಣಿ ಹಾಕಿ ನೆಲಾ ಸಾರಸೂದು ನೀ ನೋಡೀಯೇನು? ನಮ್ಮವ್ವ ಆ ಕಡಿಂದ, ನಮ್ಮಕ್ಕ ಈ ಕಡಿಂದ ಸಾರಸ್ಕೋತ ಬರತಿದ್ರು. ಕೂಡೂ ಕಡೆ ಇಬ್ರೂ ಒಮ್ಮೇಲೆ ಕೈ ಹಗರ ಮಾಡಿದ್ರ ನಡುವ ಸೆಗಣಿ ಉಳದು ದಿಂಡು ಬೀಳತಿತ್ತು. ಅವ್ವ ಅಂತಿದ್ಲು, ನಾ ಒತ್ತಿ ಹಿಡದಾಗ ನೀ ಹಗರ ಬಾ, ನಿನ್ನ ಕೈ ಊರಿದ ಮ್ಯಾಲ ನಾ ಎತ್ತತೀನಿ ಅಂತ.”

ಹುಡುಗಿ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಹಾಳೆಯನ್ನು ಮಡಿಸಿ ಎತ್ತಿಟ್ಟಳು.

ವಿಷಯವಿಷ್ಟೆ. ಕಾಗದದ ಮೇಲೆ ಎರಡು ರೇಖೆಗಳ ಸರಾಸರಿ ತೆಗೆಯಬಹುದು. ಲೋಹದಲ್ಲಿ ಸರಾಸರಿಯಿಲ್ಲ. ತೆಗೆದ ಲೋಹವನ್ನು ಮತ್ತೆ ಹಚ್ಚುವಂತಿಲ್ಲವಾದ್ದರಿಂದ ಎರಡು ದಾರಿಗಳಲ್ಲಿ ಯಾವುದು ಆಳವೋ ಅದೇ ಗೋಡೆಯಾಗಿ ಉಳಿಯುತ್ತದೆ. ನಡುವೆ ಎರಡೂ ಅರ್ಧರ್ಧ ಮೇಲಕ್ಕೆದ್ದಿದ್ದರೆ ಆ ಅರ್ಧವೇ ಉಬ್ಬಾಗಿ ನಿಲ್ಲುತ್ತದೆ. 0.06ರ ಅರ್ಧ 0.03, ಕಾಕಾ ಅವರ ಬೆರಳು ಹೇಳಿದಷ್ಟೇ!

ಹತ್ತು ಮಿ.ಮೀ.ಯನ್ನು ಮೂರು ಪಾಲು ಮಾಡಿದರು. ಮೊದಲ ನಾಲ್ಕರಲ್ಲಿ ಮೊದಲನೆಯ ದಾರಿ ಪೂರ್ಣ ಆಳದಲ್ಲಿಯೇ ಸಾಗುತ್ತದೆ, ಎರಡನೆಯದು ಮೇಲಿನಿಂದ ಇಳಿದು ಬರುತ್ತದೆ. ನಡುವಿನ ಎರಡರಲ್ಲಿ ಇಬ್ಬರೂ ಪೂರ್ಣ ಆಳ. ಕೊನೆಯ ನಾಲ್ಕರಲ್ಲಿ ಎರಡನೆಯದು ಊರಿ ನಿಂತ ಮೇಲೆ ಮೊದಲನೆಯದು ಏಳುತ್ತದೆ. ಎರಡೂ ದಾರಿಗಳು ಸರಿಯಾಗಿ ಹೊಂದಿದ್ದರೆ ಇದರ ಗುರುತೇ ಉಳಿಯದು. ಎರಡನೆಯದು 0.015 ಆಳವಾಗಿದ್ದರೆ ಆ ಅಂತರ ಮೊದಲ ನಾಲ್ಕು ಮಿ.ಮೀ.ನಲ್ಲಿ ಇಳಿಜಾರಾಗಿ ಕರಗುತ್ತದೆ. ಮೊದಲನೆಯದು ಆಳವಾಗಿದ್ದರೆ ಕೊನೆಯ ನಾಲ್ಕರಲ್ಲಿ ಕರಗುತ್ತದೆ. ತಪ್ಪು ಯಾವ ಕಡೆಗಿದ್ದರೂ ಅದಕ್ಕೊಂದು ಇಳಿಜಾರು ಸಿದ್ಧ. ಮೊದಲಿದ್ದ 0.06ರ ಮೆಟ್ಟಿಲನ್ನೇ ಹೀಗೆ ಮುಚ್ಚಲು ಹೋಗಿದ್ದರೆ ಗೋಡೆಯಲ್ಲಿ ಅಲೆ ಎದ್ದಿರುತ್ತಿತ್ತು. ಅದಕ್ಕೇ ಮೊದಲಿನ ಎರಡು ದಿನದ ಹುಡುಕಾಟ.

ಮರುದಿನ ಇಳಿದ ಹೆಡ್ಡಿನಲ್ಲಿ ಇನ್ನೊಂದು ತಮಾಷೆ. ಎರಡು ದಾರಿಗಳೂ ಹಾಯ್ದ ಎಡೆಯಲ್ಲಿ ಒಂದರ ದಿಣ್ಣೆಗಳನ್ನು ಇನ್ನೊಂದು ಸವರಿಬಿಡುವುದರಿಂದ ಅಲ್ಲಿ ಗೋಡೆ ಹೆಚ್ಚು ನಯವಾಗಿ, ಬಳೆಯಂತೆ ಹೊಳೆಯುತ್ತಿತ್ತು. ಗಿರಾಕಿಗಳ ಕಡೆಯವರು ಬಂದವರೇ ಅದನ್ನು ಕಂಡು “ಗೆರೆ ಇನ್ನೂ ಇದೆಯಲ್ಲ” ಎಂದರು. ಮಿತ್ರರು ಮಾತಾಡದೆ ಅವರ ಬೆರಳನ್ನು ಒಳಗೆ ಇರಿಸಿದರು. ಕಣ್ಣು ಇದೆಯೆಂದಿತು, ಬೆರಳು ಇಲ್ಲವೆಂದಿತು. ಹರಿವಿನ ಪರೀಕ್ಷೆ ಬೆರಳಿನ ಕಡೆಗೆ ಸಾಕ್ಷಿ ನುಡಿಯಿತು. ಎಂಟು ಪೋರ್ಟುಗಳ ನಡುವಣ ಅಂತರ ಅವರು ಹಾಕಿದ್ದ ಮಿತಿಯೊಳಗೆ ಬಂದಿತು. ಉಳಿದ ಹೆಡ್ಡುಗಳಿಗೆ ಅಪ್ಪಣೆ ದೊರೆಯಿತು. ಹಿಂದಕ್ಕೆ ಬಂದಿದ್ದ ಮೂರನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ. ಗ್ರೈಂಡರು ಅವುಗಳಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಲೋಹವನ್ನು ತೆಗೆದುಬಿಟ್ಟಿತ್ತು.

ನನ್ನ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ಪೋರ್ಟಿಗೆ ಇಷ್ಟು ಎಂದು ಕೂಲಿಯಿದ್ದವರು ಕಾಕಾ. ಗೆರೆ ಹೋದರೆ ಕೂಲಿಯೂ ಹೋಯಿತು. ಅದನ್ನು ತಿಳಿದೂ ಅವರು ಆ ರಾತ್ರಿ ದಿಂಡಿನ ಸುದ್ದಿ ಹೇಳಿದರು. ಹೇಳದೆ ಇದ್ದಿದ್ದರೆ 96 ಉಬ್ಬುಗಳನ್ನು ಸವರುವ ಕೆಲಸ ಅವರಿಗೇ ಉಳಿಯುತ್ತಿತ್ತು. ಮಿತ್ರರನ್ನು ಈ ವಿಚಾರ ಕೇಳಿದೆ. “ತಪಾಸಣೆಯ ಮೇಜಿಗೆ ತಿಂಗಳ ಸಂಬಳದ ಮೇಲೆ ಬರೆದುಕೊಂಡಿದ್ದೇನೆ” ಎಂದರು. ಎಷ್ಟು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ನಾನು ಹೊರಟ ದಿನ ಹೊಸ ಕೆಲಸವೊಂದು ಬಂದಿಳಿದಿತ್ತು. ಈ ಸಲ ಅಲ್ಯುಮಿನಿಯಮ್ ಅಲ್ಲ, ಬೀಡುಕಬ್ಬಿಣ. ಡೀಸೆಲ್ ಇಂಜಿನ್ನಿನ ಹೆಡ್ಡು. ಅದರ ಗಾಳಿಯ ದಾರಿ ಬರಿಯ ಬಾಗಲ್ಲ. ಒಳಹೊಕ್ಕ ಗಾಳಿ ಸಿಲಿಂಡರಿನಲ್ಲಿ ಸುಳಿಯಾಗಿ ತಿರುಗಲೆಂದು ವಾಲ್ವಿನ ಸುತ್ತ ಶಂಖದಂತೆ ಸುತ್ತಿ ಇಳಿಯುತ್ತದೆ. ಅಲ್ಲಿ ನೆಟ್ಟನೆಯ ಎಡೆಯೇ ಇಲ್ಲ, ಎರಡು ದಾರಿಗಳನ್ನು ಎಲ್ಲಿ ಕೂಡಿಸಿದರೂ ತಿರುವಿನ ಮೇಲೆಯೇ ಕೂಡಿಸಬೇಕು. ಹುಡುಗಿ ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಕಾಕಾ ಪಕ್ಕದಲ್ಲಿ ಆ ದಾರಿಯ ಮರಳಿನ ಕೋರನ್ನು ಅಂಗೈಯಲ್ಲಿ ಇಟ್ಟುಕೊಂಡು, ಅದರ ಸುರುಳಿಯ ಉದ್ದಕ್ಕೂ ಹೆಬ್ಬೆರಳನ್ನು ಆಡಿಸುತ್ತ, “ಇಲ್ಲಿ ಬ್ಯಾಡ ಯವ್ವಾ, ಇನ್ನಷ್ಟು ಕೆಳಗ” ಎನ್ನುತ್ತಿದ್ದರು.